ಸಿನಾವ್‌ನಲ್ಲಿ ಅರ್ತಿಂಗ್

ಎಂಬತ್ತಾರರ ಲ್ಯಾಂಡ್ ಕ್ರೂಸರ್. ಬಾಗಿಲಿಗೆ ಹಗ್ಗ.
ಹಿಂದೆ ಆಡಿನ ಹಿಕ್ಕೆ, ಒಂದು ಸ್ಟೆಪ್ನಿ, ಹಾಲಿನ ಕ್ಯಾನು.
ಮುದುಕ ಮುಸಲ್ಲಂ ಇಳಿಯಲಿಲ್ಲ. ಇಳಿದದ್ದು ಮೊಮ್ಮಗ ಗೈಥ್,
ಕೈಯಲ್ಲಿ ಡಬ್ಬಿ: ಏಳಿಂಚಿನ ಎಲ್‌ಇಡಿ, ಜೋಡಿ.
“ಮೊನ್ನೆ ರಾತ್ರಿ ಅಜ್ಜ ಒಂಟೆಯನ್ನು ನೋಡಲಿಲ್ಲ.
ಒಂಟೆ ಅಜ್ಜನನ್ನು ನೋಡಿತು. ಹಾಗಾಗಿ ಇಬ್ಬರೂ ಇದ್ದಾರೆ.”

ಸುಲಭ ಅಂದುಕೊಂಡೆ. ನಾಲ್ಕು ಸ್ಕ್ರೂ, ಒಂದು ರಿಂಗು,
ಹಳದಿ ಕಣ್ಣು ಕಿತ್ತು ಬಿಳಿ ಕಣ್ಣು ಕೂರಿಸುವುದು.
ಕೂರಿಸಿದೆ. ಸ್ವಿಚ್ಚು ಎಳೆದೆ. ಹೊತ್ತಲಿಲ್ಲ.
ಆಫ್ ಮಾಡಿ ಟೆಸ್ಟರ್ ಇಟ್ಟರೆ
ಒಂದು ಪಿನ್ನಿನಲ್ಲಿ ಆಗಲೂ ಕರೆಂಟು.

ಆಗ ನೆನಪಾಯಿತು, ಈ ಹಳೇ ಗಾಡಿಗಳ ಬುದ್ಧಿಯೇ ತಿರುಗುಮುರುಗು:
ಕರೆಂಟು ಹಗಲೂ ರಾತ್ರಿ ದೀಪದ ಹೊಸ್ತಿಲಲ್ಲೇ ನಿಂತಿರುತ್ತದೆ,
ಸ್ವಿಚ್ಚು ತೆರೆಯುವುದು ಹೋಗುವ ದಾರಿಯನ್ನಲ್ಲ,
ಮರಳುವ ದಾರಿಯನ್ನು.
ಹಳೇ ಬಲ್ಬಿಗೆ ಯಾವ ಕಡೆಯಿಂದ ಬಂದರೂ ಒಂದೇ.
ಎಲ್‌ಇಡಿ ಹಾಗಲ್ಲ. ಪಾಸ್‌ಪೋರ್ಟ್ ಕೇಳುತ್ತದೆ.

ಗಂಗೊಳ್ಳಿಯಲ್ಲಿ ನಾನು ಕಲಿತದ್ದು ದೋಣಿಯ ವೈರಿಂಗು.
ಮರದ ಮೈಗೆ ಕರೆಂಟಿನ ಗುರುತಿಲ್ಲ; ಹೋಗಲಿಕ್ಕೊಂದು
ಬರಲಿಕ್ಕೊಂದು, ಎರಡೂ ತಂತಿ ನಾವೇ ಎಳೆಯಬೇಕು.
“ಗಾಡಿಗೆ ಮೈಯೇ ಅರ್ತು. ಸೋಮಾರಿಗಳ ಕೆಲಸ,”
ಎನ್ನುತ್ತಿದ್ದ ಕುಪ್ಪಣ್ಣ ಖಾರ್ವಿ. “ಅರ್ತು ಕೂರದಿದ್ದರೆ
ಯಾವುದಕ್ಕೂ ಅರ್ಥ ಇಲ್ಲ ಮಾರಾಯ,”
ತನ್ನ ಜೋಕಿಗೆ ತಾನೇ ನಕ್ಕು, ಆ ಸೋಮಾರಿ ಕೆಲಸಕ್ಕೇ
ವೀಸಾ ಮಾಡಿಸಿ ನನಗಿಂತ ಮೊದಲು ಬಂದವ.
ಇದೇ ಶೆಟರು. ಇದೇ ಸಡಿಲ ಸ್ಟೂಲು.

ಬ್ಯಾಟರಿಯಿಂದ ನೇರ ಹೊಸ ತಂತಿ ಎಳೆದೆ,
ಇಪ್ಪತ್ತು ಆಂಪಿಯರ್ ಫ್ಯೂಸು, ಎರಡು ರಿಲೇ.
ರೇಡಿಯೇಟರ್ ಪಕ್ಕ ಹಳೇ ಟೇಪು ಸುಲಿಯುವಾಗ ಕೈ ನಿಂತಿತು.
ಒಂದು ಜೋಡಣೆ: ಮೂರು ಸುತ್ತು ತಿರುಚಿ, ಹಿಂದಕ್ಕೆ ಮಡಚಿ,
ಅದರ ಮೇಲೆ ಚೌಕುಳಿ ಲುಂಗಿಯ ಚಿಂದಿ,
ಟೇಪು ಆಮೇಲೆ, ಒಂದೇ ಸುತ್ತು. (ಕಫೀಲ
ಟೇಪಿನ ರೋಲು ಎಣಿಸಿ ಕೊಡುತ್ತಿದ್ದ ಕಾಲ.)
ಬಲೆ ಕಟ್ಟಿದ ಬೆರಳಲ್ಲದೆ ಬೇರೆ ಯಾರೂ ಹಾಗೆ ಮಡಚುವುದಿಲ್ಲ.
ಕುಪ್ಪಣ್ಣ ಎರಡು ತಿಂಗಳ ರಜೆಗೆ ಹೋದವ.
ಅವನ ಸ್ಪ್ಯಾನರ್ ಸೆಟ್ಟು ಹದಿನಾಲ್ಕು ವರ್ಷದಿಂದ ನನ್ನದು.

ಕತ್ತರಿಸಬೇಕಿತ್ತು. ತಾಮ್ರ ಇನ್ನೂ ಕಪ್ಪಾಗಿರಲಿಲ್ಲ.
ಪಕ್ಕದಿಂದ ಸುತ್ತಿಸಿಕೊಂಡು ಹೋದೆ. ಅರ್ಧ ಗಂಟೆ ಜಾಸ್ತಿ,
ಬಿಲ್ಲಿಗೆ ಹಾಕಲಿಲ್ಲ.

ಸಂಜೆ. ಎದುರು ಗೋಡೆಗೆ ಇಪ್ಪತ್ತೈದು ಅಡಿ ಅಳೆದು
ಚಾಕ್‌ನಲ್ಲಿ ಗೆರೆ. ಬೆಳಕು ಗೆರೆಗಿಂತ ಎರಡಿಂಚು ಕೆಳಗೆ.
ಗೈಥ್ ಶಿಳ್ಳೆ ಹಾಕಿದ. ಮುದುಕ ಬಹಳ ಹೊತ್ತು ನೋಡಿ,
“ಗೋಡೆ ಚೆನ್ನಾಗಿ ಕಾಣುತ್ತದೆ. ನನಗೆ ಗೋಡೆ ಬೇಡ.
ಗಾಳಿ ಎದ್ದ ರಾತ್ರಿ ಈ ಬಿಳುಪು
ಧೂಳಿನಲ್ಲೂ ಗೋಡೆ ಕಟ್ಟುತ್ತದೆ, ನೋಡುತ್ತಿರು.”
ಹಳೇ ಹಳದಿ ದೀಪಗಳನ್ನು ತಲೆಯ ಮಸರ್ ಬಿಚ್ಚಿ ಸುತ್ತಿ
ಸೀಟಿನಡಿಗೆ ತಳ್ಳಿದ.

ಸ್ಕ್ರೂ ತೊಳೆದ ಸೀಮೆಎಣ್ಣೆಯ ತಳದಲ್ಲಿ ಒಂದು ಹಿಡಿ ಉಳಿದಿತ್ತು.
ನಮ್ಮೂರಲ್ಲಿ ಇದಕ್ಕೆ ಹೊಯ್ಗೆ ಅನ್ನುತ್ತೇವೆ.
ಮರಳು ಅನ್ನುವುದು ಶಾಲೆಯ ಪುಸ್ತಕದ ಮಾತು,
ಅಲ್ಲಿ ಅದಕ್ಕೆ ಎರಡು ಅರ್ಥ. ಹೊಯ್ಗೆಗೆ ಒಂದೇ.

ಒಂದು ಮಾತ್ರ ಕೈಕೊಟ್ಟಿತು: ಹೈಬೀಮ್ ಹಾಕಿದರೆ
ಡ್ಯಾಶ್‌ಬೋರ್ಡಿನ ನೀಲಿ ಚುಕ್ಕಿ ಹೊತ್ತುವುದಿಲ್ಲ.
“ನಾಳೆ ಬನ್ನಿ, ರೆಸಿಸ್ಟರ್ ಹಾಕಿಕೊಡುತ್ತೇನೆ.”
ಮುಸಲ್ಲಂ ನಗುವಾಗ ಹಾಲು ಕವಿದ ಕಣ್ಣು ಸಣ್ಣದಾಯಿತು.
“ಬಿಡು. ನೀಲಿ ನನ್ನನ್ನು ಬಿಟ್ಟು ಹೋಗಿ ಎರಡು ವರ್ಷ.
ಸಮುದ್ರಕ್ಕೆ ಹೋದರೂ ಕಾಣುವುದು ಬೂದಿ.”
ಹನ್ನೆರಡು ರಿಯಾಲ್ ಹೇಳಿದೆ. ಹತ್ತು, ಮತ್ತು ಒಂದು ಚೀಲ
ಒಣಗಿದ ತಾರ್ಲೆ. “ಮೇವಿಗೆ ತಂದದ್ದು. ನಿನ್ನವರು ತಿನ್ನುತ್ತಾರಲ್ಲ.”
ಇದೇ ಗಾಡಿಯಲ್ಲಿ ಕೂತು
ಹಿಂದೆ ಯಾರೋ ಅವನಿಗೆ ಹೇಳಿರಬೇಕು.

ಗಾಡಿ ಹೋಯಿತು. ಪೂರ್ತಿ ಹೈಬೀಮಿನಲ್ಲೇ.
ಎದುರು ಸಾಲಿನ ಬಂಗಾಳಿ ಟೈಲರು ಕಣ್ಣಿಗೆ ಕೈ ಅಡ್ಡ ಹಿಡಿದು
ಬೈದದ್ದು ಅವನನ್ನಲ್ಲ, ನನ್ನನ್ನು.