ಹೆಚ್ಚುವರಿ

ಬೋಳೂರಿನ ಹಂಚಿನ ಕಾರ್ಖಾನೆಯಲ್ಲಿ ಲಾದ್ರು ಮೇಸ್ತ್ರಿ
ಗೂಡಿನ ಬಾಗಿಲ ಮುಂದೆ ಕೈ ಮಗುಚಿ ಹಿಡಿದು ನಿಲ್ಲುತ್ತಿದ್ದ.
ಮುಟ್ಟುತ್ತಿರಲಿಲ್ಲ.
ಬೆಂಕಿ ನಂದಿ ಎರಡು ದಿನ. ಒಳಗೆ ಬರೀ ಕತ್ತಲು.
"ಇನ್ನೂ ಉಂಟು," ಎನ್ನುತ್ತಿದ್ದ, "ನಾಳೆ ತೆಗೆಯುವಾ."
ಅಮ್ಮನಿಗೆ ಬುತ್ತಿ ತಂದ ನಾನು
ಆ ಉಂಟು ಎಲ್ಲುಂಟೆಂದು ಬಗ್ಗಿ ಬಗ್ಗಿ ನೋಡುತ್ತಿದ್ದೆ.

ಈಗ ಕಂಪ್ಯೂಟರಿನಲ್ಲಿ ಕೃತ್ತಿಕೆಯ ಒಂದು ನಕ್ಷತ್ರ.
ನೀಲಿಬಿಳಿ, ಸೂರ್ಯನ ಎರಡರಷ್ಟು ಬಿಸಿ,
ಎಷ್ಟು ಜೋರಾಗಿ ಗಿರಗಿರ ತಿರುಗುತ್ತದೆಂದರೆ
ನಡುವಿನಿಂದ ಮೈಯೇ ಚಿಮ್ಮಿ,
ಗ್ರೈಂಡರಿನಂಚಿಗೆ ಹಾರಿದ ಉದ್ದಿನ ಹಿಟ್ಟಿನ ಹಾಗೆ,
ಸುತ್ತ ತೆಳ್ಳಗೊಂದು ಅನಿಲದ ಬಿಲ್ಲೆ.
ಗ್ರಾಫು ನೀಲಿಯಲ್ಲಿ ಎತ್ತರ, ಕೆಂಪಿನತ್ತ ಇಳಿಜಾರು.
ಕೆಂಪೂ ದಾಟಿ, ಕಣ್ಣಿನ ಗಡಿಯಾಚೆ,
ಇಳಿಯಬೇಕಾದಷ್ಟು ಇಳಿಯುವುದಿಲ್ಲ.
ಆ ವ್ಯತ್ಯಾಸಕ್ಕೆ ನಾವಿಟ್ಟ ಹೆಸರು ಹೆಚ್ಚುವರಿ.

ಲಾದ್ರುವಿಗೆ ಹೆಚ್ಚುವರಿ ಎಂದರೆ ಓವರ್‌ಟೈಮು,
ಶನಿವಾರ ಕೈಗೆ ಬೀಳುವ ಹನ್ನೊಂದು ರೂಪಾಯಿ,
ಮನೆಗೆ ಹೋಗುವ ದಾರಿಯಲ್ಲಿ ಬಂಗುಡೆ.

ಗೂಡಿನ ಹಾಗೆ ಎಂದು ಬರೆದೆ. ಹೊಡೆದು ಹಾಕಿದೆ.
ಗೂಡಿನದು ಉಳಿದ ಬಿಸಿ; ಇದು ಉಳಿದದ್ದಲ್ಲ.
ಬಿಲ್ಲೆಯೊಳಗೆ ಕಟ್ಟು ಕಳಚಿಕೊಂಡ ಎಲೆಕ್ಟ್ರಾನು
ಪ್ರೋಟಾನಿನ ಪಕ್ಕ ಹಾಯುತ್ತದೆ, ಸಿಕ್ಕಿಬೀಳುವುದಿಲ್ಲ,
ದಾರಿ ತುಸು ಬಾಗುತ್ತದೆ,
ಬಾಗಿದ್ದಕ್ಕೆ ಚೂರು ಕಾಣದ ಬೆಳಕು ತೆತ್ತು ಹೋಗುತ್ತದೆ.
ಸಂಜೆ ಆರಕ್ಕೆ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ
ಭುಜ ತಾಗಿಯೂ ತಾಗದ ಹಾಗೆ ದಾಟುವ ಜನ.
ಅಷ್ಟೇ. ಆದರೆ ಕೋಟಿ ಕೋಟಿ ಸಲ.

ಬಿಲ್ಲೆಯೂ ನಿಲ್ಲುವುದಿಲ್ಲ. ಕೆಲವು ದಶಕಕ್ಕೊಮ್ಮೆ ಕರಗಿ
ನಕ್ಷತ್ರ ಬರಿಮೈ, ಗ್ರಾಫು ಪಠ್ಯಪುಸ್ತಕದ ಹಾಗೆ ಸಭ್ಯ.
ಮತ್ತೆ ಚಿಮ್ಮುತ್ತದೆ. ಯಾಕೆ? ಗೊತ್ತಿಲ್ಲ
ಎಂಬ ಒಂದೇ ಪದದಲ್ಲಿ ಪ್ರಬಂಧ ಮುಗಿಸಲು
ಗೈಡು ಒಪ್ಪುವುದಿಲ್ಲ.

ಡಿಸೆಂಬರಿನಲ್ಲಿ ಲಾದ್ರುವನ್ನು ತಾರಸಿಗೆ ಹತ್ತಿಸಿದೆ.
ಕಣ್ಣಿಗೆ ಪೊರೆ; ಚಂದ್ರನಾದರೆ ಕಂಡಾನು.
ನೆತ್ತಿಯ ಮೇಲೆ, ಅಲ್ಲಿ, ಎಂದೆ.
ಎಲ್ಲಾ ಹೇಳಿದೆ, ಗ್ರೈಂಡರು, ಬಸ್‌ಸ್ಟ್ಯಾಂಡು, ಬಿಲ್ಲೆ.
ಅವನು ಕೈ ಮಗುಚಿ ಆಕಾಶಕ್ಕೆ ಹಿಡಿದ.
ನಾನೂರು ಚಿಲ್ಲರೆ ವರ್ಷದ ಹಿಂದೆ ಹೊರಟದ್ದನ್ನು
ನಮ್ಮ ಕಡಲ ಒದ್ದೆ ಗಾಳಿ ಬಹುಪಾಲು ನುಂಗುತ್ತದೆಂದು
ನಾನು ಹೇಳಲಿಲ್ಲ.
ಸ್ವಲ್ಪ ಹೊತ್ತು ಹಿಡಿದೇ ಇದ್ದ. ಆಮೇಲೆ ಮೆಟ್ಟಿಲಿಳಿಯುತ್ತ,

"ಅಲ್ಲ ಮಾರಾಯ್ತಿ,
ಉರಿಯುತ್ತಿರುವಾಗಲೇ ಯಾರಾದರೂ
ಬಾಗಿಲ ಹತ್ತಿರ ಕೈ ಹಿಡಿಯುತ್ತಾರಾ?"