ಒಂಬತ್ತನೇ ನಂಬರು

ಗ್ರಿಮ್ಸ್‌ಬಿಯ ಒಂಬತ್ತನೇ ನಂಬರ್ ಬಸ್ಸಿನಲ್ಲಿ
ಡೆಸ್ಮಂಡ್ ಪೆಚ್ ದಿನಾ ಪೇಪರು ಓದುತ್ತಿದ್ದ.
ಐವತ್ತೊಂದು ವರ್ಷ. ಇಸ್ತ್ರಿ ಮಾಡಿದ ಕಾಲರು.
ಹೊತ್ತು ನೋಡಿ ಪುಟ ತಿರುವುವುದು,
ನಡುನಡುವೆ ಕಾಲ ಕೆಟ್ಟಿತೆಂಬಂತೆ ತಲೆಯಾಡಿಸುವುದು,
ಎಲ್ಲ ಎದುರು ಕೂತವರನ್ನು ನೋಡಿ ನೋಡಿ ಕಲಿತದ್ದು.

ಅಕ್ಷರ ಅವನಿಗೆ ಬಾರದು.
ನನಗದು ಗೊತ್ತು. ಗೊತ್ತೆಂಬುದು ಅವನಿಗೂ ಗೊತ್ತು.
ಒಲೆಯ ಮೇಲಿನ ಪಾತ್ರೆಯ ಹಾಗೆ ಆ ಮಾತನ್ನು
ಇಬ್ಬರೂ ಬರಿಗೈಯಲ್ಲಿ ಮುಟ್ಟುತ್ತಿರಲಿಲ್ಲ.

ಮಾರ್ಚ್‌ನ ಒಂದು ಮಂಗಳವಾರ
ಹಿಂದಿನ ಸೀಟಿನ ಹುಡುಗ, ಹದಿನೈದಿರಬೇಕು,
‘ಯಜಮಾನ್ರೇ, ಪೇಪರು ತಲೆಕೆಳಗಿದೆ’ ಅಂದ.
ಅಷ್ಟೇ. ಕೆಟ್ಟದಾಗಿಯೂ ಅಂದದ್ದಲ್ಲ.
ಬಸ್ಸು ನಕ್ಕಿತು.

ಆಮೇಲೆ ಡೆಸ್ಮಂಡ್ ಹೊಸ್ತಿಲು ದಾಟಲಿಲ್ಲ.
ಅದ್ದಿದ ಬಿಸ್ಕತ್ತು ಟೀಯಲ್ಲೇ ಕರಗಿಹೋಗುತ್ತಿತ್ತು.
ರಾತ್ರಿ ಮೂರಕ್ಕೆ ಗೋಡೆಗೆ ಹಣೆ ತಾಗುವ ಸದ್ದು,
ಮೆಲ್ಲಗೆ,
ಯಾರಿಗೂ ಎಚ್ಚರವಾಗಬಾರದೆಂಬ ಹಾಗೆ.

ಡಾಕ್ಟರು ಕೇಳಿದ್ದು ನನ್ನನ್ನು: ಇವರು ಮೊದಲಿಂದಲೂ ಹೀಗೇನಾ?
ಅವನು ಪಕ್ಕದಲ್ಲೇ ಇದ್ದ, ಟೈ ಕಟ್ಟಿಕೊಂಡು.
ಇಂಥವರಲ್ಲಿ ಇದೆಲ್ಲ ಇದ್ದದ್ದೇ, ಅಂದರು.
ಒಂದು ಹಾಳೆ ಚಾಚಿದರು:
ಕಳೆದೆರಡು ವಾರಗಳಲ್ಲಿ, ನಾನು ಯಾತಕ್ಕೂ ಬಾರದವನು ಎಂದು
ಎಷ್ಟು ಸಲ ಅನ್ನಿಸಿದೆ? ಗುರುತು ಹಾಕಿ.

ಡೆಸ್ಮಂಡ್ ಪೆನ್ನು ತಗೊಂಡ.
ಕಣ್ಣು ಎಡದಿಂದ ಬಲಕ್ಕೆ ಹೋಯಿತು, ಮತ್ತೆ ಎಡಕ್ಕೆ ಬಂತು,
ಹುಬ್ಬು ಗಂಟಿಕ್ಕಿ ಒಂದಿಷ್ಟು ಯೋಚಿಸಿದ,
ಉದ್ದಕ್ಕೂ ಮೊದಲ ಚೌಕಕ್ಕೇ ಗುರುತು ಹಾಕಿದ.
‘ಒಮ್ಮೆಯೂ ಇಲ್ಲ’ ಎಂಬ ಚೌಕ.
ಡಾಕ್ಟರಿಗೆ ಸಮಾಧಾನವಾಯಿತು.

ವನಮಾಲ ಚಿಕ್ಕಮ್ಮ ಯಾಕೆ ನೆನಪಾಗಬೇಕು ಆಗ?
ನಮ್ಮಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದಾಗೆಲ್ಲ
ಚಿಕ್ಕಮ್ಮನ ಕೈಗೊಂದು ಚಕ್ಕುಲಿ ಕೊಟ್ಟು
ಹಿತ್ತಲಿಂದ ಪಕ್ಕದ ಮನೆಗೆ ಕಳಿಸುತ್ತಿದ್ದೆವು.
ಚಕ್ಕುಲಿ ಕೊಡುತ್ತಿದ್ದದ್ದು ನಾನು.
ಕೊನೆಯ ಸಲ ಯಾರೂ ಹೇಳದೆ ಅವಳೇ ಎದ್ದಳು,
ಚಪ್ಪಲಿ ಮೆಟ್ಟಿದಳು. ಚಕ್ಕುಲಿ ಬೇಡ ಅಂದಳು.

‘ಡಾಕ್ಟರೇ, ನನಗೆ ಈ ಇಂಗ್ಲಿಷು ತಿಳಿಯಲಿಲ್ಲ’ ಅಂದೆ,
ಇಪ್ಪತ್ತೆರಡು ವರ್ಷ ಈ ಊರಿನ ಉಪ್ಪುಗಾಳಿ ಕುಡಿದವಳು.
‘ದಯವಿಟ್ಟು ಜೋರಾಗಿ ಓದಿ.’
ಪಾಪ, ಓದಿದರು. ಕಿವುಡಿಗೆ ಹೇಳುವ ಹಾಗೆ
ಒಂದೊಂದೇ ಪದ ಬಿಡಿಸಿ, ನನ್ನ ಮುಖ ನೋಡುತ್ತಾ.

ಕೇಳಿಸಿಕೊಂಡವನು ಡೆಸ್ಮಂಡ್.
ಬೂಟಿನ ದಾರ ನೋಡುತ್ತಾ ಸುಮಾರು ಹೊತ್ತು ಕೂತ.
‘ಒಂಬತ್ತು’ ಅಂದ.

ಒಂಬತ್ತು ಸಲ, ಎಂದು ಬರೆದುಕೊಳ್ಳುತ್ತಿದ್ದರು.
ಅಲ್ಲ, ಅದು ಬಸ್ಸು, ಅಂದೆ.

ಪೆನ್ನು ನಿಂತಿತು.
ಗಾಲಿಕುರ್ಚಿ ಕಿರ್ರೆಂದು, ಮೊದಲ ಸಲ,
ಅವನ ಕಡೆ ತಿರುಗಿತು.