ನಿವ್ವಳ

ನಂಬರು ಕೊಡುವಾಗ ಲಾಳೇಸಾಬ ಮುಖ ನೋಡಲಿಲ್ಲ.
ಬಟ್ಟೆ ತರಸಾಕ ರೊಕ್ಕ ಸಾಲಲಿಲ್ಲ ದ್ಯಾವಣ್ಣ,
ಅಕ್ಕಿ ಚೀಲಾನ ಕತ್ತರಿಸೀನಿ, ಕಟ್ಟಿಗೋ.
ಎದೆಯ ಮೇಲೆ ಮಿಲ್ಲಿನ ಅಚ್ಚಿನಲ್ಲಿ ಹೊಡೆದ ಮೂವತ್ತೇಳು,
ಬೆನ್ನಿಗೆ ಮೊದಲೇ ಇದ್ದ ಅಕ್ಷರ:
ನಿವ್ವಳ ತೂಕ ಇಪ್ಪತ್ತೈದು ಕೆ.ಜಿ.
ನಾನಿರುವುದು ಎಪ್ಪತ್ತೊಂದು.
ಸುಳ್ಳೆಂದು ಬರೆಯಬೇಕಾದವನೂ ನಾನೇ,
ಕಾರಟಗಿಯ ವೇಬ್ರಿಜ್ಜಿನ ಕಿಟಕಿಯ ಹಿಂದೆ
ಹತ್ತೊಂಬತ್ತು ವರ್ಷ ಕೂತು
ತುಂಬಿದ ಲಾರಿ, ಖಾಲಿ ಲಾರಿ, ತುಂಬಿದ ಲಾರಿ
ಬರೆದುಕೊಂಡವನು.

ಕಾಲುವೆ ದಂಡೆಯ ಗರಸು ರಸ್ತೆ.
ಹೋಗಿ ಹದಿನಾಲ್ಕು, ಬಂದು ಹದಿನಾಲ್ಕು ಕಿಲೋಮೀಟರು.
ಮುಂದಿನ ಸಾಲಿನಲ್ಲಿ ಗೇರಿನವು,
ಟಗರಿನ ಕೊಂಬಿನಂತೆ ಹ್ಯಾಂಡಲ್ಲು ಬಾಗಿದವು.
ಹಿಂದೆ ಹಾಲಿನವರು, ಪೇಪರಿನ ಹುಡುಗರು,
ಸರ್ಕಾರ ಕೊಟ್ಟ ಸೈಕಲ್ಲಿನ ಮೇಲೆ ಹತ್ತನೆಯ ತರಗತಿ ಖಾಜಾಬನಿ,
ಅವಳ ಪಕ್ಕ ಸ್ಟ್ಯಾಂಡು, ಗಂಟೆ, ಮಡ್‌ಗಾರ್ಡು
ಎಲ್ಲ ಹೊತ್ತ ನನ್ನದು.
ಆ ಕ್ಯಾರಿಯರ್ ಬಿಚ್ಚಿ ಬರಬಾರದಾ ಬಾಬಾಯ್,
ಎರಡು ಕಿಲೋ ಹಗುರ ಆಗ್ತಿತ್ತು
ಅಂದ ಮೂರನೇ ಕ್ಯಾಂಪಿನ ವಂಶಿ.
ರಾತ್ರಿಯೆಲ್ಲ ಸ್ಪ್ಯಾನರು ಹಿಡಿದು ಕೂತಿದ್ದೆ.
ನಟ್ಟು ತುಕ್ಕು ಹಿಡಿದಿತ್ತು. ಹೇಳಲಿಲ್ಲ.

ಸೀಟಿ.
ಒಂದು ಕಿಲೋಮೀಟರು ಧೂಳು ಬಿಟ್ಟರೆ ಏನೂ ಕಾಣಲಿಲ್ಲ,
ಮುಂದಿನವರ ಧೂಳು, ಬಾಯ್ತುಂಬ.
ಆಮೇಲೆ ಧೂಳೂ ದೂರ ಹೋಯಿತು.
ಅದು ಇನ್ನೂ ಕಷ್ಟ.

ಯಾರೋ ಮಂಡಾಳು ಅಗಿಯುತ್ತಿರುವಂತೆ ಗಾಲಿಯ ಕೆಳಗೆ ಗರಸು.
ಭತ್ತದ ಟ್ರ್ಯಾಕ್ಟರುಗಳು ಒತ್ತಿ ಬಿಟ್ಟ ನಿರಿಗೆ ಸಾಲು;
ಹಲ್ಲು, ಮೊಣಕೈ, ಅಂಗೈಯೊಳಗಿನ ಸಣ್ಣ ಎಲುಬು
ಒಬ್ಬೊಬ್ಬರಾಗಿ ಎದ್ದು ಹಾಜರಿ ಹೇಳಿದವು.
ಇಲ್ಲಿ ಬ್ರೇಕು ಹಿಡಿಯಬಾರದು,
ಯಾವ ಕಲ್ಲು ನೋಡುತ್ತೀಯೋ ಗಾಲಿ ಅದಕ್ಕೇ ಹೋಗುತ್ತದೆ.
ಯಾರೂ ಹೇಳಿರಲಿಲ್ಲ. ಏಳನೇ ಕಿಲೋಮೀಟರಿನಲ್ಲಿ ಕಲಿತೆ
ಮೊಣಕಾಲಿನ ಚರ್ಮ ಫೀಸು ಕಟ್ಟಿ.
ಖಾಜಾಬನಿ ಹೊರಳಿ ನೋಡಿದಳು, ನಿಲ್ಲಲಿಲ್ಲ.
ಚಲೋ ಆಯಿತು. ನಿಂತಿದ್ದರೆ ಅತ್ತುಬಿಡುತ್ತಿದ್ದೆ.
ಪಕ್ಕದಲ್ಲಿ ಕಾಲುವೆ ನೀರು
ಬೆವರಿಲ್ಲದೆ ನನ್ನ ದಾಟಿ ಹೋಗುತ್ತಿತ್ತು.

ಕೊನೆಯ ತೂಬಿನಲ್ಲಿ ಅಂಗೈಗೆ ಮೊಹರು ಒತ್ತಬೇಕಿದ್ದ ನೀರಗಂಟಿ
ಪೆಟ್ಟಿಗೆ ಮುಚ್ಚಿ ಬುತ್ತಿ ಬಿಚ್ಚಿದ್ದ.
ಇನ್ನೂ ಒಬ್ಬ ಬರೋನು ಅದಾನೇನು? ಕೇಳಿದ ನನ್ನನ್ನೇ.
ಅವನು ನಾನೇ ಅಂದೆ.
ಒಣಗಿದ ಶಾಯಿಗೆ ನೀರು ಚಿಮುಕಿಸಿ
ಮೊಹರು ಒತ್ತಿ, ಅರ್ಧ ರೊಟ್ಟಿಯನ್ನೂ ಅದೇ ಕೈಗಿಟ್ಟ.
ಎದುರುಗಾಳಿ ಇನ್ನು ಬೆನ್ನಿಗೆ ಬರಬೇಕಲ್ಲ ಅಂದುಕೊಂಡು ಹೊರಳಿದೆ.
ಗಾಳಿಯೂ ಹೊರಳಿತು.

ಬರುವಷ್ಟರಲ್ಲಿ ಹಗ್ಗ ಸುತ್ತಿಟ್ಟಿದ್ದರು.
ಕುರ್ಚಿ ಒಂದರ ಮೇಲೊಂದು ಏರಿ ಆಟೋ ಕಾಯುತ್ತಿದ್ದವು.
ಲಾಳೇಸಾಬ ಮಾತ್ರ ಸೀಟಿ ಕೊರಳಲ್ಲೇ ಇಟ್ಟುಕೊಂಡಿದ್ದ,
ಒಂದು ಸಲ ಊದಿದ, ಬರೀ ನನಗೆ.
ಪೇಪರಿನಲ್ಲಿ ಸುಸ್ಲಾ, ಮೆತ್ತಗಾದ ಎರಡು ಮಿರ್ಚಿ.
ಖಾಜಾಬನಿ ಹದಿಮೂರನೆಯವಳಂತೆ.
ಗೆದ್ದ ವಂಶಿ ಇನ್ನೂ ಹೋಗಿರಲಿಲ್ಲ.
ಬಹುಮಾನದ ಮೇಲೇ ಕೂತಿದ್ದ,
ಸೋನಾ ಮಸೂರಿ, ಒಂದು ಚೀಲ.
ಹೊರಲು ಅವನ ಸೈಕಲ್ಲಿಗೆ ಜಾಗವೇ ಇಲ್ಲ.
ಬಾಬಾಯ್, ಅಂದ ಮೆಲ್ಲಗೆ, ನಿಮ್ಮ ಕ್ಯಾರಿಯರ್...

ಹಳೆಯ ಟ್ಯೂಬಿನಿಂದ ಬಿಗಿದೆವು.
ಕ್ಯಾಂಪಿಗೆ ಆರು ಕಿಲೋಮೀಟರು, ಅದೇ ಗರಸು.
ತೂಕ ಬಿದ್ದ ಮೇಲೆ ಹಿಂದಿನ ಗಾಲಿ ಜಾರಲಿಲ್ಲ,
ಕಲ್ಲುಗಳು ತಾವೇ ಪಕ್ಕಕ್ಕೆ ಸರಿದವು.
ಮೆಲ್ಲಗೆ ಹೋಗುವುದು ವಂಶಿಯ ಸೈಕಲ್ಲಿಗೆ ಬಾರದು,
ಅತ್ತ ವಾಲಿತು ಇತ್ತ ವಾಲಿತು,
ಮುಂದೆ ಹೋಗೋ ಅಂದರೂ ಹೋಗಲೊಲ್ಲ.
ಹಿಂದಿನಿಂದ ಓದಿ ನಕ್ಕ:
ಬೆನ್ನಲ್ಲೂ ಇಪ್ಪತ್ತೈದು, ಚೀಲದಲ್ಲೂ ಇಪ್ಪತ್ತೈದು,
ಯಾವುದು ಖರೆ ಬಾಬಾಯ್?

ಗರಸಿನಲ್ಲಿ ಮಾತಾಡಿದರೆ ಉಸಿರು ತಪ್ಪುತ್ತದೆ.
ಗಂಟೆ ಬಾರಿಸಿದೆ.
ತೂಬಿನ ಮೇಲಿದ್ದ ಕೊಕ್ಕರೆ ಎದ್ದು
ಆಚೆ ದಂಡೆಗೆ ಹೋಗಿ ಕೂತಿತು.